ಹಿತ್ತಲಲ್ಲಿ ಸಣ್ಣ ವರ್ಕ್‌ಶಾಪ್: ಕೊಡಗಿನ ಮಳೆಗೆ ನಿಲ್ಲುವಂತೆ ಕಟ್ಟಿಸುವ ಹಂತಗಳು

ಕಳೆ ಕತ್ತರಿಸುವ ಮೆಷಿನ್, ಸ್ಪ್ರೇ ಪಂಪು, ಸ್ಪ್ರಿಂಕ್ಲರ್ ಮೋಟಾರು, ಮರಗೆಲಸದ ಸಾಮಾನು. ಇವನ್ನೆಲ್ಲ ಒಂದು ಕಡೆ ಇಟ್ಟು ರಿಪೇರಿ ಮಾಡಿಕೊಳ್ಳಲು ಮನೆ ಹಿಂದೆ ಒಂದು ಕೋಣೆ ಬೇಕು ಅನ್ನುವವರು ಕೊಡಗಿನಲ್ಲಿ ಬಹಳ ಮಂದಿ. ಕಟ್ಟಿಸಿ ಕೈ ಸುಟ್ಟುಕೊಂಡವರೂ ಕಡಿಮೆಯಿಲ್ಲ. ನೋಡಿದರೆ ಎಲ್ಲರೂ ಎಡವಿದ್ದು ಒಂದೇ ಕಡೆ. ಏಪ್ರಿಲ್‌ನಲ್ಲಿ ಮೇಸ್ತ್ರಿಯನ್ನು ಹಿಡಿಯುತ್ತಾರೆ. ಜೆಸಿಬಿ ತರಿಸಿ ಬರೆ (ಇಳಿಜಾರಿನ ಮಣ್ಣಿನ ದಿಬ್ಬ) ಕೊರೆಸುತ್ತಾರೆ. ಅರ್ಧಕ್ಕಿಂತ ಜಾಸ್ತಿ ದುಡ್ಡು ಮೊದಲೇ ಕೊಟ್ಟುಬಿಡುತ್ತಾರೆ. ಜೂನ್ ಬಂದಾಗ ಗೋಡೆ ನಿಂತಿರುತ್ತದೆ, ಮಾಡು (ಛಾವಣಿ) ಇರುವುದಿಲ್ಲ, ಮೇಸ್ತ್ರಿ ಫೋನ್ ಎತ್ತುವುದಿಲ್ಲ.

ಇದನ್ನು ತಪ್ಪಿಸಲು ಎರಡು ವಿಷಯ ಬಿಡದೆ ಹಿಡಿಯಬೇಕು. ನೀರಿಗೆ ದಾರಿ ಮಾಡಿದ ಮೇಲೆಯೇ ಪಾಯ ತೆಗೆಯಬೇಕು. ದುಡ್ಡು ಯಾವತ್ತೂ ಕೆಲಸದ ಹಿಂದೆ ಹೋಗಬೇಕು, ಮುಂದೆ ಅಲ್ಲ. ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಈ ಕೆಲಸದಲ್ಲಿ ಕ್ರಮ ತಪ್ಪುವುದೇ ಅತಿ ದೊಡ್ಡ ನಷ್ಟ.

## 1. ಒಳಗೆ ಏನು ಕೆಲಸ ಅಂತ ಮೊದಲು ಬರೆಯಿರಿ

ಅಳತೆಗಿಂತ ಮೊದಲು ಬಳಕೆ. ಒಂದು ಹಾಳೆಯಲ್ಲಿ ಒಳಗೆ ಬರುವ ಪ್ರತಿ ಯಂತ್ರದ ಹೆಸರು ಬರೆಯಿರಿ. ಅದರ ಉದ್ದ, ಅಗಲ, ಅದರ ಸುತ್ತ ನಿಲ್ಲಲು ಬೇಕಾದ ಜಾಗ, ಅದಕ್ಕೆ ಬೇಕಾದ ಕರೆಂಟು, ಎಲ್ಲವನ್ನೂ ಸೇರಿಸಿ. 8 ಅಡಿ ಹಲಗೆಯನ್ನು ಗರಗಸದ ಮೆಷಿನ್‌ಗೆ ಕೊಡಬೇಕಾದರೆ ಮೆಷಿನ್‌ನ ಮುಂದೆ 8 ಅಡಿ, ಹಿಂದೆ 8 ಅಡಿ ಖಾಲಿ ಬೇಕು. ಇದನ್ನು ಮರೆತವರು ಬಾಗಿಲು ತೆಗೆದಿಟ್ಟು, ಮಳೆಯಲ್ಲಿ ಹಲಗೆ ತೋಯಿಸಿಕೊಂಡು ಕೆಲಸ ಮಾಡುತ್ತಾರೆ.

ಒಬ್ಬರು ನಿಂತು ಕೆಲಸ ಮಾಡುವ ಕೋಣೆಗೆ 12 ಅಡಿಗೆ 18 ಅಡಿ ಸಾಮಾನ್ಯವಾಗಿ ಸಾಕು. ಮುಂದಿನ ಲೆಕ್ಕಗಳನ್ನೆಲ್ಲ ಇದೇ ಅಳತೆಗೆ ಕೊಟ್ಟಿದ್ದೇನೆ. ನಿಮ್ಮ ಅಳತೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಬಾಗಿಲು ಕನಿಷ್ಠ 6 ಅಡಿ ಅಗಲ ಇರಲಿ. ಟಿಲ್ಲರ್ ಒಳಗೆ ಬರಬೇಕಾದರೆ 8 ಅಡಿ. ಮಳೆಗಾಲದ ಗಾಳಿ ನೈಋತ್ಯದಿಂದ ಹೊಡೆಯುತ್ತದೆ. ಹಾಗಾಗಿ ದೊಡ್ಡ ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಬೇಕು. ಪಶ್ಚಿಮದ ಗೋಡೆಯಲ್ಲಿ ದೊಡ್ಡ ಕಿಟಕಿ ಬೇಡ, ಮೇಲೆ ಸಣ್ಣ ವೆಂಟಿಲೇಟರ್ ಸಾಕು.

## 2. ಜಾಗವನ್ನು ಮಳೆಯಲ್ಲೇ ನೋಡಿ

ಫೆಬ್ರವರಿಯಲ್ಲಿ ಯಾವ ಜಾಗವೂ ಚೆನ್ನಾಗಿಯೇ ಕಾಣುತ್ತದೆ. ಜುಲೈ ತಿಂಗಳಲ್ಲಿ, ಜೋರು ಮಳೆ ಬರುತ್ತಿರುವಾಗ, ಕೊಡೆ ಹಿಡಿದು ಹಿತ್ತಲಿಗೆ ಹೋಗಿ ನಿಲ್ಲಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಒರತೆ ಜಿನುಗುತ್ತದೆ ಅಂತ ನೋಡಿ. ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಮೇಸ್ತ್ರಿಗೆ ಬಾಯಲ್ಲಿ ಹೇಳುವುದಕ್ಕಿಂತ ಆ ವಿಡಿಯೋ ತೋರಿಸುವುದು ಮೇಲು.

ಮಡಿಕೇರಿಯಲ್ಲಿ ಸರಾಸರಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಆದ್ದರಿಂದ ಕುಶಾಲನಗರದಲ್ಲಿ ಚೆನ್ನಾಗಿ ನಿಂತ ಶೆಡ್ ನೋಡಿ ನಾಪೋಕ್ಲಿನಲ್ಲಿ ಅದೇ ಥರ ಕಟ್ಟಿಸಬೇಡಿ.

ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಬರೆ ಕೊರೆಯುವಾಗ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡಗಳು ಜಾರಿದ್ದನ್ನು ನಾವು ನೋಡಿದ್ದೇವೆ. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಮತ್ತೆ ಆಯಿತು. ಇಳಿಜಾರನ್ನು ನೆಟ್ಟಗೆ ಕಡಿದು ಮಟ್ಟ ಮಾಡಿದಾಗ ಮೇಲಿನ ಮಣ್ಣಿಗೆ ಇದ್ದ ಕೆಳಗಿನ ಆಸರೆ ಹೋಗುತ್ತದೆ. ಮಳೆ ನೀರು ಆ ಮಣ್ಣಿಗೆ ಇಳಿದರೆ ಭಾರ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ. ಹಿತ್ತಲಿನ ಸಣ್ಣ ಬರೆಗೂ ಇದೇ ಕಥೆ.

ಕೊರೆಯದೆ ಸಿಗುವ ಮಟ್ಟದ ಜಾಗ ಇದ್ದರೆ ಅದನ್ನೇ ಆರಿಸಿ, ಮನೆಯಿಂದ ಸ್ವಲ್ಪ ದೂರವಾದರೂ ಚಿಂತೆಯಿಲ್ಲ. ಕೊರೆಯಲೇಬೇಕಾದರೆ 5 ಅಡಿಗಿಂತ ಎತ್ತರದ ಬರೆಗೆ ಸಿವಿಲ್ ಎಂಜಿನಿಯರ್ ಬಂದು ನೋಡಬೇಕು. ಬರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಬಿಟ್ಟು ಗೋಡೆ ಬರಲಿ. ಕೊರೆದ ಮಣ್ಣನ್ನು ಮುಂದಕ್ಕೆ ತಳ್ಳಿ ಅದರ ಮೇಲೆಯೇ ಅರ್ಧ ಪಾಯ ಹಾಕುವುದು ಇಲ್ಲಿ ಬಹಳ ಕಡೆ ಕಾಣುವ ತಪ್ಪು. ಆ ಅರ್ಧ ಕುಸಿಯುತ್ತದೆ, ಇನ್ನರ್ಧ ನಿಲ್ಲುತ್ತದೆ, ಗೋಡೆ ನಡುವೆ ಸೀಳುತ್ತದೆ.

ಎಚ್ಚರಿಕೆಯ ಗುರುತುಗಳು ಇವು: ಇಳಿಜಾರಿನಲ್ಲಿ ವಾಲಿದ ಮರಗಳು, ನೆಲದಲ್ಲಿ ಅಡ್ಡಡ್ಡ ಬಿರುಕು, ಬೇಸಿಗೆಯಲ್ಲೂ ಹಸಿಯಾಗಿರುವ ಮಣ್ಣು, ಮಳೆ ಬಂದಾಗ ಹೊಸದಾಗಿ ಹೊರಡುವ ಕೆಸರು ನೀರಿನ ಒರತೆ. ಇದರಲ್ಲಿ ಒಂದು ಕಂಡರೂ ಆ ಜಾಗ ಬಿಟ್ಟುಬಿಡಿ.

ಕರೆಂಟ್ ಲೈನ್ ಕೂಡ ನೋಡಿ. ಮನೆಗಳಿಗೆ ಬರುವ ಸಾಧಾರಣ ಲೈನ್ ಆದರೆ ಮಾಡಿನ ತುದಿಯಿಂದ ಮೇಲಕ್ಕೆ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಬೇಕು. 11 ಕೆ.ವಿ. ಲೈನ್ ಆದರೆ ಮೇಲಕ್ಕೆ 3.7 ಮೀಟರ್. ಒಣಗಿದ ದೊಡ್ಡ ಮರದ ಕೆಳಗೂ ಬೇಡ. ಜುಲೈ ಗಾಳಿಗೆ ಅದು ಯಾವ ಕಡೆ ಬೀಳುತ್ತದೋ ಯಾರೂ ಹೇಳಲಾಗದು.

## 3. ಕಾಗದಪತ್ರ ಮುಗಿಸಿ

"ಸುಮ್ನೆ ಒಂದು ಶೆಡ್, ಅದಕ್ಕೆ ಯಾರ ಅನುಮತಿ?" ಎಂಬ ಮಾತು ನಂಬಬೇಡಿ. ಹಳ್ಳಿಯಲ್ಲಿ ಕಟ್ಟಡಕ್ಕೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕು ಎಂದು 1993ರ ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ಪಟ್ಟಣದಲ್ಲಿ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿ. ಜಾಗದ ಇ-ಸ್ವತ್ತು (ಪಂಚಾಯಿತಿಯ ಆಸ್ತಿ ದಾಖಲೆ) ಅಥವಾ ಖಾತೆ, ತೆರಿಗೆ ರಸೀದಿ, ನಕ್ಷೆ ಹಿಡಿದು ಹೋಗಿ ಕೇಳಿ. ಸೈಟು ತೋಟದ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಇದ್ದರೆ ಭೂ ಪರಿವರ್ತನೆಯ ಪ್ರಶ್ನೆ ಬರುತ್ತದೆ. ಸ್ವಂತ ಕೃಷಿ ಸಾಮಾನಿಗೆ ಬಳಸುವ ಕೊಟ್ಟಿಗೆಯೇ ಬೇರೆ, ಊರವರ ಯಂತ್ರ ರಿಪೇರಿ ಮಾಡಿ ದುಡ್ಡು ತೆಗೆದುಕೊಳ್ಳುವ ಅಂಗಡಿಯೇ ಬೇರೆ. ಅರ್ಜಿಯಲ್ಲಿ ನಿಜವಾದ ಬಳಕೆ ಬರೆಯಿರಿ.

ಕೊಡಗಿನದ್ದೇ ಆದ ಇನ್ನೊಂದು ವಿಷಯ ಇದೆ. ಜಾಗ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಅಥವಾ ಬಾಣೆ (ಗದ್ದೆಗೆ ಸೇರಿದ ಮೇಲಿನ ಜಾಗ) ಆಗಿದ್ದು, ಪಹಣಿಯಲ್ಲಿ ಪಟ್ಟೆದಾರರ ಜೊತೆ ಒಕ್ಕದ, ಅಂದರೆ ಅದೇ ಮನೆತನದ, ಹಲವರ ಹೆಸರು ಇದ್ದರೆ, ಅವರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಅಣ್ಣತಮ್ಮಂದಿರ ನಡುವೆ ಇದು ಕೇಳಲು ಮುಜುಗರ, ನಿಜ. ಆದರೆ ಪಾಯ ಎದ್ದ ಮೇಲೆ ತಕರಾರು ಬಂದರೆ ಮುಜುಗರ ಅದಕ್ಕಿಂತ ದೊಡ್ಡದು.

ಮರ ಕಡಿಯುವುದಿದ್ದರೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿ. ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಡ. ಬೀಟೆ, ತೇಗಕ್ಕೆ ಬೇಕೇ ಬೇಕು. ಬಾಣೆ ಜಾಗದಲ್ಲಿ ಮರದ ಹಕ್ಕು ಯಾರದು ಎಂಬುದೂ ಬೇರೆಯೇ ಪ್ರಶ್ನೆ. "ಗುತ್ತಿಗೆದಾರ ನೋಡಿಕೊಳ್ಳುತ್ತಾನೆ" ಅಂತ ಬಿಡಬೇಡಿ. ಕೇಸು ಬಿದ್ದರೆ ಬೀಳುವುದು ಜಾಗದವರ ಮೇಲೆ.

## 4. ತಿಂಗಳುಗಳನ್ನು ಹೊಂದಿಸಿ

ಜುಲೈಯಿಂದ ಸೆಪ್ಟೆಂಬರ್: ಜಾಗ ನೋಡುವುದು, ನಕ್ಷೆ, ಅನುಮತಿ, ಕೊಟೇಷನ್. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದು ಮಳೆ ಹಿಂದೆ ಸರಿದ ಮೇಲೆ ಚರಂಡಿ ಮತ್ತು ಮಣ್ಣಿನ ಕೆಲಸ. ನವೆಂಬರ್‌ನಲ್ಲಿ ಪಾಯ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ ಕೆಲಸ ಕೆಲವು ದಿನ ನಿಂತೇ ನಿಲ್ಲುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಮಾರ್ಚ್ ಮುಗಿಯುವುದರೊಳಗೆ ಮಾಡು ಬಿದ್ದಿರಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ತೆರೆದ ಗೋಡೆ ಸಿಗಬಾರದು.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಆಗ ಕೂಲಿ ಆಳು ಸಿಗುವುದೇ ಕಷ್ಟ. ಗುತ್ತಿಗೆದಾರನ ಬಳಿ ತನ್ನದೇ ಆದ ಗಾರೆ ತಂಡ ಇದೆಯಾ, ಇಲ್ಲಾ ದಿನದಿನ ಆಳು ಹುಡುಕುವವನಾ ಎಂದು ಅದಕ್ಕೇ ಮೊದಲು ಕೇಳಬೇಕು. ಮಳೆಗಾಲದಲ್ಲಿ ಮಣ್ಣು ಅಗೆಯುವ ಯಂತ್ರಗಳಿಗೆ ಜಿಲ್ಲಾಡಳಿತ ನಿಷೇಧ ಹಾಕಿದ ವರ್ಷಗಳೂ ಇವೆ. ಜೂನ್‌ನಲ್ಲಿ ಜೆಸಿಬಿ ತರುತ್ತೇನೆ ಅನ್ನುವವನ ಮಾತಿಗೆ ತಲೆಯಾಡಿಸಬೇಡಿ.

## 5. ಒಂದು ನಕ್ಷೆ, ಒಂದು ಸಾಮಾನಿನ ಪಟ್ಟಿ

ನಕ್ಷೆ ಇಲ್ಲದೆ ಕೊಟೇಷನ್ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಟ್ಟಡಕ್ಕೆ ದರ ಹೇಳುತ್ತಾರೆ. ಆಮೇಲೆ ಹೋಲಿಸಲು ಆಗುವುದಿಲ್ಲ. ಊರಿನ ಎಂಜಿನಿಯರ್ ಹತ್ತಿರ ಒಂದು ಹಾಳೆಯ ನಕ್ಷೆ ಮಾಡಿಸಿ. ಮೇಲಿಂದ ಕಾಣುವ ಅಳತೆ, ಪಾಯದ ಆಳ, ಗೋಡೆ ಎತ್ತರ, ಮಾಡಿನ ಇಳಿಜಾರು, ಚರಂಡಿ ಹೋಗುವ ದಾರಿ, ಇಷ್ಟು ಇದ್ದರೆ ಸಾಕು.

ಪಾಯಕ್ಕೆ ಸೈಜುಗಲ್ಲು. ಆಳ ಇಷ್ಟೇ ಅಂತ ಮೊದಲೇ ಹೇಳುವುದು ತಪ್ಪು. ಗಟ್ಟಿ ಮಣ್ಣು ಸಿಗುವವರೆಗೆ ಹೋಗಬೇಕು, ಅದಕ್ಕೆ ಎರಡು ಮೂಲೆಯಲ್ಲಿ ಗುಂಡಿ ತೋಡಿ ನೋಡಬೇಕು. ಒಳಗಿನ ನೆಲ ಹೊರಗಿನ ನೆಲಕ್ಕಿಂತ ಒಂದೂವರೆ ಅಡಿ ಮೇಲೆ ಇರಲಿ.

ಗೋಡೆಗೆ 6 ಇಂಚಿನ ಸಾಲಿಡ್ ಬ್ಲಾಕ್ ಸಾಕು, ಮೂಲೆಗಳಲ್ಲಿ ಪಿಲ್ಲರ್, ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಲಿಂಟಲ್ ಬೆಲ್ಟ್. 2022ರ ಜೂನ್, ಜುಲೈಯಲ್ಲಿ ಕರಿಕೆ, ಚೆಂಬು ಕಡೆ ನೆಲ ನಡುಗಿದ್ದು ನೆನಪಿದೆಯಲ್ವಾ? ಗೋಡೆಗಳನ್ನು ಒಟ್ಟಿಗೆ ಹಿಡಿಯುವುದು ಆ ಬೆಲ್ಟೇ, ಅದನ್ನು ಉಳಿತಾಯದ ಹೆಸರಲ್ಲಿ ಬಿಡಬೇಡಿ. ಕೆಂಪು ಕಲ್ಲು ಕೂಡ ಆಗುತ್ತದೆ. ಆದರೆ ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ಹೊರಗೆ ಪ್ಲಾಸ್ಟರ್ ಇಲ್ಲದಿದ್ದರೆ ಅದು ತಿಂಗಳುಗಟ್ಟಲೆ ನೀರು ಕುಡಿಯುತ್ತದೆ, ಒಳಗಿರುವ ಉಳಿ, ಗರಗಸಕ್ಕೆಲ್ಲ ತುಕ್ಕು ಹತ್ತುತ್ತದೆ.

ಮಾಡಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಹೆಚ್ಚು ಜಗಳ ಬರುವುದು ಇಲ್ಲಿಯೇ. ಶೀಟ್ ಆದರೆ 4 ಅಡಿಗೆ ಕನಿಷ್ಠ 1 ಅಡಿ ಇಳಿಜಾರು. ಹೆಂಚಾದರೆ 2 ಅಡಿಗೆ 1 ಅಡಿ. ಸೂರು ಸುತ್ತಲೂ 3 ಅಡಿ ಹೊರಗೆ ಬರಬೇಕು, ಪಟ್ಟಣದ ಶೆಡ್‌ಗಳ ಒಂದಡಿ ಸೂರು ಇಲ್ಲಿ ನಡೆಯುವುದಿಲ್ಲ. ಶೀಟನ್ನು ತುದಿಯಿಂದ ಸೂರಿನವರೆಗೆ ಒಂದೇ ಉದ್ದಕ್ಕೆ ಕತ್ತರಿಸಿ ತರಿಸಿ. ನಡುವೆ ಜೋಡಣೆ ಬಂದರೆ ಗಾಳಿ ನೀರನ್ನು ಅಲ್ಲಿ ಮೇಲಕ್ಕೆ ನೂಕುತ್ತದೆ. ಶೀಟಿನ ದಪ್ಪ, ಕಂಪನಿ, ಪೈಪಿನ ಅಳತೆ ಮತ್ತು ದಪ್ಪ, ಎಲ್ಲ ಪಟ್ಟಿಯಲ್ಲಿ ಬರೆಯಿರಿ. "ಒಳ್ಳೇ ಕ್ವಾಲಿಟಿ ಶೀಟ್" ಎಂದು ಬರೆದರೆ ಅದಕ್ಕೆ ಅರ್ಥವೇ ಇಲ್ಲ.

ಇನ್ನು ಲೆಕ್ಕ. ಸುತ್ತಳತೆ 60 ಅಡಿ, ಎತ್ತರ 9 ಅಡಿ ಅಂದರೆ ಗೋಡೆ 540 ಚದರ ಅಡಿ. ಬಾಗಿಲು ಕಿಟಕಿಗೆ ಸುಮಾರು 100 ಕಳೆಯಿರಿ. ಉಳಿದ 440ಕ್ಕೆ 16 ಇಂಚು ಉದ್ದ, 8 ಇಂಚು ಎತ್ತರದ ಬ್ಲಾಕು, ಒಡೆಯುವುದನ್ನೂ ಸೇರಿಸಿ, ಸುಮಾರು 500 ಸಾಕು. ಮಾಡಿನ ತ್ರಿಕೋನದ ಗೋಡೆಗೆ ಇನ್ನಷ್ಟು. ನೆಲದ ಕಾಂಕ್ರೀಟು 4 ಇಂಚು ದಪ್ಪ, 1:2:4 (ಸಿಮೆಂಟು, ಮರಳು, ಜಲ್ಲಿ) ಮಿಶ್ರಣವಾದರೆ ಸಿಮೆಂಟು 12ರಿಂದ 13 ಮೂಟೆ. ಮೇಸ್ತ್ರಿ 800 ಬ್ಲಾಕ್ ಬರೆದುಕೊಟ್ಟರೆ ಯಾಕೆ ಅಂತ ಕೇಳಲು ಈ ಲೆಕ್ಕ ನಿಮ್ಮ ಕೈಯಲ್ಲಿರಬೇಕು.

ಮಾಡಿಗೆ ಬರುವ ನೀರನ್ನೂ ಲೆಕ್ಕ ಹಾಕಿ. ಸೂರು ಸೇರಿಸಿ 18 ಅಡಿಗೆ 24 ಅಡಿ, ಅಂದರೆ ಸುಮಾರು 40 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ದಿನಕ್ಕೆ 100 ಮಿಲಿಮೀಟರ್ ಮಳೆಯಾದರೆ ಈ ಸಣ್ಣ ಮಾಡಿನಿಂದ 4000 ಲೀಟರ್ ಇಳಿಯುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ನಕ್ಷೆಯಲ್ಲಿ ಬಾಣದ ಗುರುತು ಇರಲೇಬೇಕು. ಪಕ್ಕದವರ ತೋಟಕ್ಕೆ, ಕೆಳಗಿನ ಬರೆಗೆ ಬಿಡುವಂತಿಲ್ಲ.

## 6. ಯಾವ ಥರದ ಗುತ್ತಿಗೆ?

ಮೂರು ದಾರಿ ಇವೆ. ದಿನಗೂಲಿಯಲ್ಲಿ ಮಾಡಿಸಿದರೆ ನೀವು ದಿನವೂ ಸ್ಥಳದಲ್ಲಿ ಇರಬೇಕು, ಇಲ್ಲದಿದ್ದರೆ ಕೆಲಸ ಎಳೆಯುತ್ತದೆ. ಸಾಮಾನು ಸಹಿತ ಪೂರ್ತಿ ಗುತ್ತಿಗೆ ಕೊಟ್ಟರೆ ತಲೆನೋವು ಕಡಿಮೆ, ಆದರೆ ಸಿಮೆಂಟು ಎಷ್ಟು ಬಿತ್ತು ಅಂತ ನಿಮಗೆ ಗೊತ್ತಾಗುವುದಿಲ್ಲ.

ಸಣ್ಣ ವರ್ಕ್‌ಶಾಪಿಗೆ ನನ್ನ ಸಲಹೆ ನಡುವಿನ ದಾರಿ: ಕೂಲಿ ಗುತ್ತಿಗೆ. ಸಾಮಾನು ನೀವೇ ತರುತ್ತೀರಿ, ಕೆಲಸಕ್ಕೆ ಚದರ ಅಡಿ ದರ. ಗಾರೆ ಕೆಲಸ ಒಬ್ಬರಿಗೆ, ಮಾಡಿನ ವೆಲ್ಡಿಂಗ್ ಇನ್ನೊಬ್ಬರಿಗೆ, ವೈರಿಂಗ್ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ. ನೀವು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ಇಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ ಅಂದರೆ ಮಾತ್ರ ಪೂರ್ತಿ ಗುತ್ತಿಗೆ ಸರಿ. ಆಗಲೂ ಊರಿನ ಎಂಜಿನಿಯರ್‌ಗೆ ದುಡ್ಡು ಕೊಟ್ಟು ಪ್ರತಿ ಹಂತದಲ್ಲೂ ಬಂದು ನೋಡಿ ಹೋಗುವಂತೆ ಮಾಡಿ.

## 7. ಮೇಸ್ತ್ರಿ ಮತ್ತು ಗುತ್ತಿಗೆದಾರರನ್ನು ಹುಡುಕುವುದು

ಹೊಸದಾಗಿ ಬಣ್ಣ ಹೊಡೆದ ಕೆಲಸ ನೋಡಿ ಒಪ್ಪಬೇಡಿ. ಕನಿಷ್ಠ ಎರಡು ಮಳೆಗಾಲ ಕಂಡ ಕಟ್ಟಡ ತೋರಿಸಿ ಅನ್ನಿ. ಅಲ್ಲಿಗೆ ಹೋಗಿ ಪಶ್ಚಿಮದ ಗೋಡೆಯ ಒಳಮೈ ಮುಟ್ಟಿ ನೋಡಿ, ಮೂಲೆಗಳಲ್ಲಿ ಬಿರುಕು ಹುಡುಕಿ, ಕಿಟಕಿ ಕೆಳಗೆ ನೀರಿನ ಕಲೆ ಇದೆಯಾ ಗಮನಿಸಿ. ಮನೆಯವರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ "ಕೆಲಸ ಚೆನ್ನಾಗಿತ್ತಾ?" ಅಲ್ಲ. "ಸೋರಿದಾಗ ಕರೆದರೆ ಬಂದರಾ?" ಎಂದು ಕೇಳಿ.

ಈಗ ನಡೆಯುತ್ತಿರುವ ಕೆಲಸದ ಸ್ಥಳಕ್ಕೂ ಹೇಳದೆ ಒಮ್ಮೆ ಹೋಗಿ. ಸಿಮೆಂಟ್ ಮೂಟೆ ಹಲಗೆ ಮೇಲಿದೆಯಾ, ನೆಲದ ಮೇಲಾ? ಕಬ್ಬಿಣ ಮಳೆಯಲ್ಲಿ ಬಿದ್ದಿದೆಯಾ? ಮೇಲೆ ಹತ್ತಿದವರಿಗೆ ಹೆಲ್ಮೆಟ್, ಗಟ್ಟಿ ಅಟ್ಟಣಿಗೆ ಇದೆಯಾ? ಹೊರರಾಜ್ಯದ ಕೆಲಸಗಾರರಿದ್ದರೆ ಅವರು ಎಲ್ಲಿ ಮಲಗುತ್ತಾರೆ, ಕೂಲಿ ಸರಿಯಾಗಿ ಸಿಗುತ್ತಿದೆಯಾ ಎಂದು ಅವರನ್ನೇ ಕೇಳಿ. ತನ್ನ ಆಳುಗಳಿಗೆ ದುಡ್ಡು ಬಾಕಿ ಇಟ್ಟವನು ನಿಮ್ಮ ಕೆಲಸವನ್ನೂ ನಡುವೆ ಬಿಡುತ್ತಾನೆ, ಏಕೆಂದರೆ ಆಳುಗಳು ಒಂದು ದಿನ ಎದ್ದು ಹೋಗುತ್ತಾರೆ.

ಕನಿಷ್ಠ ಮೂವರಿಂದ ಕೊಟೇಷನ್ ತೆಗೆದುಕೊಳ್ಳಿ. ಮೂವರಿಗೂ ಅದೇ ನಕ್ಷೆ, ಅದೇ ಪಟ್ಟಿ ಕೊಡಿ. ಮೂವರೂ ಜಾಗಕ್ಕೆ ಬಂದು ನೋಡಲಿ. ಲಾರಿ ಹಿತ್ತಲವರೆಗೆ ಬರುತ್ತದೆಯಾ, ಇಲ್ಲಾ ಗೇಟಿನಲ್ಲಿ ಇಳಿಸಿ ಪಿಕಪ್‌ನಲ್ಲಿ, ತಲೆಹೊರೆಯಲ್ಲಿ ಸಾಗಿಸಬೇಕಾ? ತೋಟದ ದಾರಿಯಲ್ಲಿ ಈ ಒಂದು ಖರ್ಚೇ ಲೆಕ್ಕ ಏರುಪೇರು ಮಾಡುತ್ತದೆ. ಜಾಗ ನೋಡದೆ ಫೋನ್‌ನಲ್ಲಿ ದರ ಹೇಳುವವರನ್ನು ಅಲ್ಲಿಗೇ ಬಿಟ್ಟುಬಿಡಿ.

ದರ ಯಾವ ಅಳತೆಗೆ ಎಂದು ಬಿಡಿಸಿ ಕೇಳಿ. ನಮ್ಮ ಕೋಣೆ ನೆಲದ ಲೆಕ್ಕದಲ್ಲಿ 216 ಚದರ ಅಡಿ. ಸೂರು, ಇಳಿಜಾರು ಸೇರಿಸಿದರೆ ಮಾಡು ಸುಮಾರು 445 ಚದರ ಅಡಿ, ಎರಡು ಪಟ್ಟಿಗಿಂತ ಜಾಸ್ತಿ. ವೆಲ್ಡಿಂಗ್‌ನವರು ಕೆಲವರು ಶೀಟಿನ ಚದರ ಅಡಿಗೆ ದರ ಹೇಳುತ್ತಾರೆ, ಕೆಲವರು ಕಬ್ಬಿಣದ ಕಿಲೋಗೆ. "ಚದರ ಅಡಿಗೆ ಇಷ್ಟು" ಎಂಬ ಮಾತನ್ನು ನೆಲದ ಅಳತೆ ಎಂದುಕೊಂಡು ಒಪ್ಪಿ, ಬಿಲ್ ಬಂದಾಗ ಬೆಚ್ಚಿಬಿದ್ದವರು ಬಹಳ ಮಂದಿ.

ಎಲ್ಲರಿಗಿಂತ ತೀರಾ ಕಡಿಮೆ ಹೇಳಿದವರು ಏನನ್ನೋ ಬಿಟ್ಟಿದ್ದಾರೆ ಅಂತಲೇ ತಿಳಿಯಿರಿ. ಸಾಮಾನ್ಯವಾಗಿ ಬಿಡುವುದು ಇವನ್ನು: ಕಾಂಕ್ರೀಟ್ ಸುರಿಯಲು ಕಟ್ಟುವ ಸೆಂಟ್ರಿಂಗ್ ಹಲಗೆ, ಅಟ್ಟಣಿಗೆ, ಪಾಯಕ್ಕೆ ಮಣ್ಣು ತುಂಬಿ ಗುದ್ದುವುದು, ಚರಂಡಿ, ಕೊನೆಗೆ ಕಸ ಸಾಗಿಸುವುದು.

## 8. ಕರಾರು ಬರೆಯಿರಿ, ಕಂತು ಕಟ್ಟಿ

ಪರಿಚಯದವರಾದರೂ, ಊರಿನವರಾದರೂ ಛಾಪಾ ಕಾಗದದಲ್ಲಿ ಎರಡು ಪುಟ ಬರೆಯಿರಿ. ನಕ್ಷೆ ಮತ್ತು ಸಾಮಾನಿನ ಪಟ್ಟಿಗೆ ಇಬ್ಬರೂ ಸಹಿ ಹಾಕಿ ಅದಕ್ಕೆ ಸೇರಿಸಿ. ದರ, ಅಳತೆ ಹೇಗೆ, ಮುಗಿಸುವ ದಿನ, ನೀರು ಕರೆಂಟು ಯಾರದು, ಕ್ಯೂರಿಂಗ್ (ಕಾಂಕ್ರೀಟು, ಗಾರೆಯನ್ನು ತೇವವಾಗಿ ಇಡುವುದು) ಯಾರು ಮಾಡಬೇಕು, ಸ್ಥಳದಲ್ಲಿ ನಿಲ್ಲುವ ಮೇಸ್ತ್ರಿ ಯಾರು, ಕೆಲಸದವರಿಗೆ ಪೆಟ್ಟಾದರೆ ಹೊಣೆ ಯಾರದು, ಇವೆಲ್ಲ ಬರಹದಲ್ಲಿ ಇರಲಿ. ಕೆಲಸಗಾರರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯಾ ಎಂದೂ ವಿಚಾರಿಸಿ. ನಿಮ್ಮ ಹಿತ್ತಲಲ್ಲಿ ಬಿದ್ದು ಕಾಲು ಮುರಿದುಕೊಂಡವರ ಮನೆ ಹೇಗೆ ನಡೆಯುತ್ತದೆ ಎಂಬುದು ನಿಮ್ಮ ಯೋಚನೆಯಲ್ಲೂ ಇರಬೇಕು.

ಹೆಚ್ಚುವರಿ ಕೆಲಸಕ್ಕೆ ಒಂದು ಸಾಲು ಸೇರಿಸಿ: ಮೊದಲೇ ದರ ಬರೆದು ಒಪ್ಪದ ಹೊಸ ಕೆಲಸಕ್ಕೆ ದುಡ್ಡಿಲ್ಲ. "ಅಣ್ಣ, ಹಾಗೇ ಒಂದು ಸಿಂಕ್ ಕಟ್ಟೆ ಮಾಡ್ತೀನಿ" ಎಂಬಲ್ಲಿಂದಲೇ ಲೆಕ್ಕ ತಪ್ಪಲು ಶುರುವಾಗುವುದು.

ಕೂಲಿ ಗುತ್ತಿಗೆಯ ಕಂತು ನಾನು ಹೀಗೆ ಕಟ್ಟುತ್ತೇನೆ. ಮುಂಗಡ ನೂರಕ್ಕೆ 10. ಪಾಯ ಮುಗಿದು ಪ್ಲಿಂತ್ (ಒಳಗಿನ ನೆಲದ) ಮಟ್ಟಕ್ಕೆ ಬಂದಾಗ 25. ಲಿಂಟಲ್ ಬೆಲ್ಟ್ ಹಾಕಿದಾಗ 25. ಗೋಡೆ, ಪ್ಲಾಸ್ಟರ್, ನೆಲ ಮುಗಿದಾಗ 30. ಕೊನೆಯ 10 ಮಳೆ ನೋಡಿದ ಮೇಲೆ. ಮಾಡಿನವರಿಗೂ ಕೊನೆಯ 10 ಹಾಗೆಯೇ. ದುಡ್ಡು ಬ್ಯಾಂಕ್ ಮೂಲಕವೋ ಯುಪಿಐ ಮೂಲಕವೋ ಕೊಡಿ. ಕೈಯಲ್ಲಿ ಕೊಟ್ಟರೆ ಪುಸ್ತಕದಲ್ಲಿ ಸಹಿ ಹಾಕಿಸಿ. ಶನಿವಾರ ಸಂತೆ ಖರ್ಚಿಗೆ ಎಂದು ಕೇಳುವ ಸಣ್ಣ ಮೊತ್ತವನ್ನೂ ಕಂತಿನಲ್ಲೇ ಕಳೆಯಿರಿ, ಬೇರೆ ಇಡಬೇಡಿ.

ಅರ್ಧ ದುಡ್ಡು ಮುಂಗಡ ಕೇಳುವವರು, ಕರಾರು ಅಂದರೆ ಮುಖ ಗಂಟಿಕ್ಕುವವರು, "ಪಂಚಾಯಿತಿಯಲ್ಲಿ ನಾನು ಮಾತಾಡ್ತೀನಿ ಬಿಡಿ" ಅನ್ನುವವರು, ಈ ಮೂವರಲ್ಲಿ ಯಾರಿಗೂ ಕೆಲಸ ಕೊಡಬೇಡಿ.

## 9. ಕೆಲಸ ನಡೆಯುವಾಗ ನೀವು ನೋಡಬೇಕಾದ್ದು

ನಿಮ್ಮ ಬಳಿ ಇರಬೇಕಾದ ಸಾಮಾನು ಕಡಿಮೆಯೇ: ಉದ್ದ ಟೇಪು, ತೂಗುಗುಂಡು, ನೀರು ತುಂಬಿದ ಪಾರದರ್ಶಕ ಮಟ್ಟದ ಪೈಪು, ದಾರ, ಸುಣ್ಣದ ಪುಡಿ, ಒಂದು ನೋಟ್‌ಬುಕ್. ಮುಚ್ಚಿಹೋಗುವ ಪ್ರತಿ ಕೆಲಸದ ಫೋಟೋ ತೆಗೆಯಿರಿ. ಪಾಯ, ಕಬ್ಬಿಣ, ಪೈಪು, ಆಮೇಲೆ ಯಾವುದೂ ಕಾಣುವುದಿಲ್ಲ.

ಮೊದಲು ಚರಂಡಿ. ಬರೆ ಇದ್ದರೆ ಅದರ ಮೇಲೊಂದು, ಬುಡದಲ್ಲೊಂದು. ಮೇಲಿನಿಂದ ಬರುವ ನೀರು ಕಟ್ಟಡದ ಹತ್ತಿರ ಬರುವ ಮೊದಲೇ ಪಕ್ಕಕ್ಕೆ ತಿರುಗಬೇಕು. ತಡೆಗೋಡೆ ಕಟ್ಟಿದರೆ ಅದರಲ್ಲಿ ನೀರು ಹೊರಬರಲು 3 ಇಂಚಿನ ಪಿವಿಸಿ ಪೈಪುಗಳನ್ನು 4ರಿಂದ 5 ಅಡಿಗೆ ಒಂದರಂತೆ ಇಡಿಸಿ, ಹಿಂದೆ ಜಲ್ಲಿ ತುಂಬಿಸಿ. ಪೈಪಿಲ್ಲದ ತಡೆಗೋಡೆ ಹಿಂದೆ ನೀರು ಕಟ್ಟಿಕೊಂಡು ಗೋಡೆಯನ್ನೇ ತಳ್ಳಿ ಬೀಳಿಸುತ್ತದೆ.

ಗುರುತು ಹಾಕುವುದು. ಮೂಲೆ ಸರಿಯಿದೆಯಾ ಎಂದು 9, 12, 15 ಅಡಿ ಅಳತೆಯಲ್ಲಿ ನೋಡಿ. ಒಂದು ಬದಿ 9, ಇನ್ನೊಂದು 12 ಆದರೆ ಅಡ್ಡಗೆರೆ ಸರಿಯಾಗಿ 15 ಬರಬೇಕು. ಕೊನೆಗೆ ಎರಡು ಕರ್ಣಗಳೂ ಸಮ ಇರಬೇಕು. ಇಲ್ಲಿ 3 ಇಂಚು ತಪ್ಪಿದರೆ ಶೀಟ್ ಹಾಕುವ ದಿನ ಗೊತ್ತಾಗುತ್ತದೆ, ಆಗ ಸರಿಪಡಿಸಲು ಆಗುವುದಿಲ್ಲ.

ಸಾಮಾನು ಬಂದಾಗ. ಸಿಮೆಂಟ್ ಮೂಟೆಯ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದು ಬೇಡ. ನಮ್ಮ ತೇವದ ಹವೆಗೆ ಅದಕ್ಕೂ ಮೊದಲೇ ಗಂಟು ಕಟ್ಟುತ್ತದೆ. ಕೈಯಲ್ಲಿ ಹಿಸುಕಿದರೆ ಪುಡಿಯಾಗದ ಗಂಟಿದ್ದರೆ ವಾಪಸ್ ಕಳಿಸಿ. ಎರಡು ಬ್ಲಾಕ್ ಒಂದಕ್ಕೊಂದು ತಟ್ಟಿದರೆ ಗಟ್ಟಿ ಸದ್ದು ಬರಬೇಕು. ಅಂಚು ಉಗುರಿಗೆ ಉದುರಿದರೆ ಆ ಲೋಡ್ ಇಳಿಸಬೇಡಿ. ಮರಳನ್ನು ಗಾಜಿನ ಲೋಟದಲ್ಲಿ ನೀರಿಗೆ ಹಾಕಿ ಕಲಕಿ ಇಡಿ. ಮೇಲೆ ದಪ್ಪ ಮಣ್ಣಿನ ಪದರ ನಿಂತರೆ ಅದು ಕೆಲಸಕ್ಕೆ ಬಾರದು.

ಗೋಡೆ ಮತ್ತು ಕ್ಯೂರಿಂಗ್. ಕಲಸಿದ ಗಾರೆಗೆ ಅಂದಾಜಿನಲ್ಲಿ ನೀರು ಸುರಿಯುವುದನ್ನು ತಡೆಯಿರಿ. ಮಧ್ಯಾಹ್ನದ ಊಟಕ್ಕೆ ಮುಂಚೆ ಕಲಸಿದ್ದನ್ನು ಊಟವಾದ ಮೇಲೆ ನೀರು ಹಾಕಿ ಮೃದು ಮಾಡುವುದೂ ತಪ್ಪೇ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಆದರೆ 10 ದಿನ ತೇವ ಆರಬಾರದು. ಜನವರಿಯ ಚಳಿ ಮತ್ತು ಮಂಜು ನೋಡಿ "ಇಲ್ಲಿ ಕ್ಯೂರಿಂಗ್ ಬೇಡ" ಅನ್ನುತ್ತಾರೆ. ಮಧ್ಯಾಹ್ನದ ಬಿಸಿಲು, ಒಣ ಗಾಳಿ ತೇವವನ್ನೆಲ್ಲ ಎಳೆಯುತ್ತದೆ. ಗೋಣಿ ಚೀಲ ಹೊದಿಸಿ ದಿನಕ್ಕೆ ಎರಡು ಮೂರು ಸಲ ನೀರು ಬಿಡಿ. ಹಬ್ಬಕ್ಕೆ ಕೆಲಸದವರು ಊರಿಗೆ ಹೋದ ದಿನಗಳಲ್ಲಿ ಇದು ಮನೆಯವರ ಕೆಲಸ.

ಮಾಡು. ಪೈಪಿಗೆ ಜೋಡಿಸುವ ಮೊದಲೇ ರೆಡ್ ಆಕ್ಸೈಡ್ ಅಥವಾ ಜಿಂಕ್ ಪ್ರೈಮರ್ ಹೊಡೆದಿರಬೇಕು. ವೆಲ್ಡಿಂಗ್ ಮಾಡಿದ ಜಾಗಕ್ಕೆ ಮತ್ತೆ ಹೊಡೆಯಬೇಕು, ತುಕ್ಕು ಅಲ್ಲಿಂದಲೇ ಶುರು. ಟ್ರಸ್ಸಿನ (ಮಾಡನ್ನು ಹೊರುವ ಕಬ್ಬಿಣದ ಚೌಕಟ್ಟಿನ) ಬುಡದ ಪ್ಲೇಟು ಕಾಂಕ್ರೀಟಿನೊಳಗೆ ಬೋಲ್ಟ್ ಆಗಿದೆಯಾ ಎಂದು ಒಂದೊಂದೂ ನೋಡಿ. ಸುಮ್ನೆ ಗೋಡೆ ಮೇಲೆ ಕೂರಿಸಿದ ಮಾಡನ್ನು ಗಾಳಿ ಎತ್ತಿ ಎಸೆಯುತ್ತದೆ. ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬರಬೇಕು, ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ರಬ್ಬರ್ ವಾಷರ್ ಚಪ್ಪಟೆಯಾಗುವಷ್ಟು ಬಿಗಿದರೆ ಅದು ಬೇಗ ಸೀಳುತ್ತದೆ. ಕತ್ತರಿಸಿದ ಕಬ್ಬಿಣದ ಪುಡಿಯನ್ನು ಅದೇ ದಿನ ಗುಡಿಸಿ ತೆಗೆಸಿ, ಬಿಟ್ಟರೆ ಹೊಸ ಶೀಟಿನ ಮೇಲೆ ತುಕ್ಕಿನ ಚುಕ್ಕೆ ಬರುತ್ತದೆ.

ನೆಲ. ಮಣ್ಣನ್ನು ಅರ್ಧರ್ಧ ಅಡಿ ತುಂಬಿ, ನೀರು ಹಾಕಿ, ಗುದ್ದಿ. ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಅದು ನೆಲದ ತೇವ ಮೇಲೆ ಬರುವುದನ್ನು ತಡೆಯುತ್ತದೆ. ಯಂತ್ರಗಳಿಗೆ ತುಕ್ಕು ಹಿಡಿಯದಿರಲು ಇಷ್ಟು ಸುಲಭದ ಉಪಾಯ ಬೇರೆ ಇಲ್ಲ, ಆದರೂ ಹೆಚ್ಚಿನವರು ಇದನ್ನು ಬಿಡುತ್ತಾರೆ.

## 10. ಕರೆಂಟು

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಒಂದು ಎಚ್.ಪಿ. ಮೋಟಾರು ಅಂದರೆ 746 ವ್ಯಾಟ್, ಚಾಲೂ ಆಗುವಾಗ ಇನ್ನೂ ಜಾಸ್ತಿ ಎಳೆಯುತ್ತದೆ. ಲೋಡ್ ಸಾಲದಿದ್ದರೆ ಇಲ್ಲಿ ಕರೆಂಟು ಕೊಡುವ ಚೆಸ್ಕಾಂಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ, ಮನೆಯ ಪ್ಲಗ್ಗಿನಿಂದ ವೈರು ಎಳೆಯಬೇಡಿ.

ಮನೆಯಿಂದ ವರ್ಕ್‌ಶಾಪಿಗೆ ಆರ್ಮರ್ಡ್ ಕೇಬಲ್ (ಉಕ್ಕಿನ ಹೊದಿಕೆಯ ಕೇಬಲ್) ನೆಲದಡಿಯಲ್ಲಿ ಬರಲಿ. ಮೇಲೆ ಎಳೆದ ವೈರಿನ ಮೇಲೆ ಮಳೆಗಾಲದಲ್ಲಿ ಕೊಂಬೆ ಬೀಳದ ವರ್ಷವೇ ಇಲ್ಲ. ವರ್ಕ್‌ಶಾಪಿಗೆ ಬೇರೆಯೇ ಅರ್ಥಿಂಗ್, ಬೇರೆ ಬೋರ್ಡ್, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಒದ್ದೆ ಕಾಲಿನಲ್ಲಿ ನಿಂತು ಗ್ರೈಂಡರ್ ಹಿಡಿಯುವ ಊರು ನಮ್ಮದು. ಶಾಕ್ ಹೊಡೆದಾಗ ಕರೆಂಟು ಕಡಿದು ಜೀವ ಉಳಿಸುವುದು ಅದೇ. ವೆಲ್ಡಿಂಗ್ ಮೆಷಿನ್‌ಗೆ ಪ್ರತ್ಯೇಕ ಲೈನ್ ಕೊಡಿ. ಸಾಕೆಟ್‌ಗಳು ನೆಲದಿಂದ ನಾಲ್ಕು ಅಡಿ ಮೇಲೆ ಇದ್ದರೆ ಬೆಂಚಿನ ಮೇಲೆ ಕೆಲಸಕ್ಕೂ ಅನುಕೂಲ, ನೀರಿಗೂ ದೂರ.

## 11. ಕೊನೆಯ ಕಂತು

ಜೂನ್ ಕೊನೆಯಲ್ಲಿ, ನಾಲ್ಕೈದು ದಿನ ಬಿಡದೆ ಮಳೆ ಬಂದ ಮೇಲೆ ಗುತ್ತಿಗೆದಾರರನ್ನು ಕರೆಯಿರಿ. ಇಬ್ಬರೂ ಸೇರಿ ನೋಡಿ: ಮಾಡಿನ ತುದಿಯ ಕ್ಯಾಪಿಂಗ್, ಸ್ಕ್ರೂಗಳ ಬುಡ, ಗೋಡೆ ಮತ್ತು ಮಾಡು ಸೇರುವ ಜಾಗ, ಕಿಟಕಿಯ ಕೆಳಗೆ, ನೆಲದ ಮೂಲೆ. ಚರಂಡಿಯಲ್ಲಿ ನೀರು ನಿಂತಿದೆಯಾ, ಹರಿಯುತ್ತಿದೆಯಾ? ಬರೆಯಲ್ಲಿ ಹೊಸ ಬಿರುಕು ಬಂದಿದೆಯಾ? ಕೂದಲೆಳೆಯಂಥ ಪ್ಲಾಸ್ಟರ್ ಬಿರುಕಿಗೆ ಹೆದರಬೇಡಿ. ಓರೆಯಾಗಿ ಮೆಟ್ಟಿಲಿನ ಹಾಗೆ ಬ್ಲಾಕುಗಳ ನಡುವೆ ಹೋಗುವ ಬಿರುಕು ಕಂಡರೆ ಮಾತ್ರ ಪಾಯ ಕುಸಿದು ಕೂತಿದೆ ಎಂದರ್ಥ. ಆಗ ಮೊದಲು ಎಂಜಿನಿಯರ್‌ನನ್ನು ಕರೆಯಿರಿ. ಗಾರೆ ಮೆತ್ತಿ ಮುಚ್ಚಲು ಬಿಡಬೇಡಿ.

ದೋಷ ಇದ್ದರೆ ಬರೆದು ಕೊಡಿ, ಫೋಟೋ ಕಳಿಸಿ, ಸರಿಪಡಿಸಲು ದಿನ ಗೊತ್ತುಮಾಡಿ. ಹೆಚ್ಚಿನವರು ಬಂದು ಸರಿಮಾಡುತ್ತಾರೆ, ಉಳಿದ ದುಡ್ಡು ನಿಮ್ಮ ಕೈಯಲ್ಲಿ ಇದೆಯಲ್ಲ. ಏನು ಮಾಡಿದರೂ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಕರಾರು, ರಸೀದಿ, ಫೋಟೋ ಇದ್ದರೆ ಮಾತ್ರ ಅಲ್ಲಿ ನಿಮ್ಮ ಮಾತಿಗೆ ಬಲ.

ಎಲ್ಲ ಸರಿಯಿದ್ದರೆ ಆ ದಿನವೇ ಕೊನೆಯ ಕಂತು ಪೂರ್ತಿ ಕೊಟ್ಟುಬಿಡಿ. "ಮುಂದಿನ ವಾರ ನೋಡೋಣ" ಅನ್ನಬೇಡಿ. ಕೊಡಗಿನಲ್ಲಿ ಒಳ್ಳೆಯ ಮೇಸ್ತ್ರಿಗಳು ಕಡಿಮೆ. ಮುಂದಿನ ಸಲ ಚರಂಡಿ ಕಟ್ಟಿಕೊಂಡಾಗ, ಗಾಳಿಗೆ ಶೀಟ್ ಸಡಿಲವಾದಾಗ, ಕರೆದ ಕೂಡಲೇ ಬರುವುದು ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟವರ ಮನೆಗೆ.